ಬಿಸಿನೀರಿಗೊಂದು ಮಾತು

ಗೀಸರ್ ನಿಷೇಧವಾದ ವರ್ಷ ಜನ ಬೀದಿಗಿಳಿಯುತ್ತಾರೆಂದು ಹೆದರಿ ಸರ್ಕಾರ ಪೊಲೀಸರ ರಜೆಯನ್ನೆಲ್ಲ ರದ್ದು ಮಾಡಿತ್ತು. ನಮ್ಮ ಮೈಸೂರಿನವರು ಬೀದಿಗೇನೂ ಇಳಿಯಲಿಲ್ಲ, ಬಚ್ಚಲಿಗೆ ಇಳಿಯುವುದನ್ನು ಬಿಟ್ಟರು. ಮಾರ್ಗಶಿರದ ಚಳಿಯಲ್ಲಿ ಗಂಡಸರು ಮುಖಕ್ಕೆ ಎರಡು ಹನಿ ಚಿಮುಕಿಸಿಕೊಂಡು, ಹಣೆಗೆ ವಿಭೂತಿ ಬಳಿದುಕೊಂಡು, ಮಿಂದು ಮಡಿಯಾದವರ ಗತ್ತಿನಲ್ಲಿ ಆಫೀಸಿಗೆ ಹೊರಟರು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಮೂಗು ಎಲ್ಲವನ್ನೂ ಹೇಳುತ್ತಿತ್ತು. ಆದರೆ ಅವರೂ ಅದೇ ಗಿರಾಕಿಗಳು, ಬಾಯಿ ಬಿಡುವ ಹಾಗಿರಲಿಲ್ಲ.

ಸರ್ಕಾರದ ಲೆಕ್ಕ ತಪ್ಪು ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಕರೆಂಟು ಎಲ್ಲಿ ಹೋಗುತ್ತದೆ ಎಂದು ಯಾರನ್ನಾದರೂ ಕೇಳಿ, ಟಿ.ವಿ. ಕಡೆ ಕೈ ತೋರಿಸುತ್ತಾರೆ, ಮಕ್ಕಳ ಕಡೆ ತೋರಿಸುತ್ತಾರೆ, ಬಚ್ಚಲ ಕಡೆ ಮಾತ್ರ ತೋರಿಸುವುದಿಲ್ಲ. ಬೆಳಗಾದರೆ ಇಡೀ ರಾಜ್ಯ ಒಟ್ಟಿಗೆ ನೀರು ಕಾಯಿಸುತ್ತಿತ್ತು. ಕಾಯಿಸಿದ ಮೇಲಾದರೂ ಸ್ನಾನ ಮಾಡುತ್ತಿದ್ದರೇ? ಗೀಸರ್ ಹಾಕಿಟ್ಟು "ನೀನು ಹೋಗು" "ನೀನು ಹೋಗು" ಎಂದು ಪೇಪರು ಓದುತ್ತಾ ಕೂರುತ್ತಿದ್ದರು. ಕಾದ ನೀರು ಆರುತ್ತಿತ್ತು, ಆರಿದ್ದು ಮತ್ತೆ ಕಾಯುತ್ತಿತ್ತು. ನೀರು ಕಾಯಿಸಲು ಹೋಗುತ್ತಿದ್ದ ಕರೆಂಟಿನಲ್ಲಿ ಒಳ್ಳೆಯ ಪಾಲು ಹೀಗೆ ಯಾರೂ ಮೀಯದ ನೀರಿಗೆ ಹೋಗುತ್ತಿತ್ತು.

ಇದಕ್ಕೆ ಮದ್ದು ಕಂಡುಹಿಡಿದವರು ನಮ್ಮ ಡಾಕ್ಟರ್ ಯತಿರಾಜರು. ತಾವು ಮಾತ್ರ ವರ್ಷಪೂರ್ತಿ ತಣ್ಣೀರಲ್ಲೇ ಮೀಯುವ ಮನುಷ್ಯ, ಹತ್ತು ವರ್ಷ ಬಿಸಿನೀರಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದರು. ಅವರ ಕೈಗೆ ಸಿಕ್ಕಿದ್ದು ಒಂದು ಉಪ್ಪು. ಊಟದ ಉಪ್ಪಲ್ಲ, ವಿನೆಗರಿನಿಂದ ತಯಾರಾಗುವ ಸೋಡಿಯಂ ಅಸಿಟೇಟ್. ಚಾವಣಿಯ ಮೇಲಿನ ಬಿಸಿಲಿಗೆ ಅದು ಕರಗಿ ನೀರಾಗುತ್ತದೆ. ಆಮೇಲೆ ತಣ್ಣಗಾದರೂ ಗಟ್ಟಿಯಾಗುವುದಿಲ್ಲ, ಹೀರಿಕೊಂಡ ಶಾಖವನ್ನು ಒಳಗೇ ಇಟ್ಟುಕೊಂಡು ವಾರಗಟ್ಟಲೆ ಸುಮ್ಮನಿರುತ್ತದೆ. ಮುಟ್ಟಿದರೆ ತಣ್ಣಗೆ, ಮುನಿಸಿಕೊಂಡ ಹೆಂಗಸಿನ ಹಾಗೆ. ಒಳಗೊಂದು ಸಣ್ಣ ಉಕ್ಕಿನ ಬಿಲ್ಲೆ 'ಟಿಕ್' ಅಂದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿಯಾಗಿ, ಬಚ್ಚಿಟ್ಟಿದ್ದ ಶಾಖವನ್ನೆಲ್ಲ ಹೊರಹಾಕುತ್ತದೆ. ಅದರ ನಡುವೆ ಹಾಯುವ ನೀರು ಬಿಸಿಯಾಗುತ್ತದೆ. ಅರ್ಧಕ್ಕೆ ನಿಲ್ಲಿಸಲು ಆಗುವುದಿಲ್ಲ, ಒಂದು ಟಿಕ್‌ಗೆ ಒಂದು ಸ್ನಾನ.

ಪ್ರಯೋಗಕ್ಕೆಂದು ನಮ್ಮ ಸೋಮಸುಂದರ ಬಡಾವಣೆಯ ಮನೆಮನೆಯ ಬಚ್ಚಲ ಗೋಡೆಗೂ, ಚಾವಣಿಯ ಶಾಖ ಇಳಿಸುವ ಕೊಳವೆ ಸಮೇತ, ಇಂಥ ಎಂಟು ಡಬ್ಬಿಗಳನ್ನು ಕೂರಿಸಿದರು. ಯತಿರಾಜರು ಅದಕ್ಕೆ ಉದ್ದವಾದ ಇಂಗ್ಲಿಷ್ ಹೆಸರಿಟ್ಟಿದ್ದರು. ನಮ್ಮ ಹೆಂಗಸರು 'ಬಿಂದಿಗೆ' ಅಂದರು, ಅದೇ ನಿಂತಿತು. ಬಡಾವಣೆಯ ತುದಿಯಲ್ಲಿ ಒಂದು ಕಂಟ್ರೋಲ್ ರೂಮು ಆಯಿತು. ಅಲ್ಲಿ ಕೂತು, ಯಾವ ಮನೆಯಲ್ಲಿ ಎಷ್ಟು ಬಿಂದಿಗೆ ಖರ್ಚಾಯಿತು ಎಂದು ಗೋಡೆಯ ತುಂಬ ಇದ್ದ ದೀಪಗಳಲ್ಲಿ ನೋಡುವ ಕೆಲಸ ನನಗೆ ಸಿಕ್ಕಿತು. ನನ್ನ ಹೆಸರು ಸರ್ವಮಂಗಳ. ಮದುವೆಯಾದ ಮೇಲೆ ನನಗೆ ಸಿಕ್ಕ ಮೊದಲನೆಯ ಕೆಲಸ ಅದು, ಮತ್ತು ಅದು ನನಗೆ ಬಹಳ ಇಷ್ಟವಾಗಿತ್ತು.

ಷರತ್ತು ಒಂದೇ ಒಂದು. ದೀಪಾವಳಿಯ ನರಕ ಚತುರ್ದಶಿಯ ದಿನ ಊರಿಗೆ ಊರೇ ಎಣ್ಣೆಸ್ನಾನ ಮಾಡುತ್ತದಲ್ಲ, ಅವತ್ತು ಬೆಳಿಗ್ಗೆ ಎಂಟು ಗಂಟೆಗೆ ಬಡಾವಣೆಯ ಬಿಂದಿಗೆಗಳಲ್ಲಿ ಅರ್ಧದಷ್ಟು ಖರ್ಚಾಗದೆ ಉಳಿದಿರಬೇಕು. ಉಳಿದರೆ ಯೋಜನೆ ಇಡೀ ಮೈಸೂರಿಗೆ. ಉಳಿಯದಿದ್ದರೆ ಡಬ್ಬಿ ಕಿತ್ತು, ಕಂಟ್ರೋಲ್ ರೂಮಿಗೆ ಬೀಗ.

ಬಿಂದಿಗೆಗೆ ಸ್ವಿಚ್ಚು ಇರಲಿಲ್ಲ. "ಬೆರಳಿಗೆ ಬುದ್ಧಿ ಇಲ್ಲ ಮಂಗಳಾ, ಬಾಯಿಗಾದ್ರೆ ಸ್ವಲ್ಪ ಇರುತ್ತೆ" ಎಂಬುದು ಯತಿರಾಜರ ಸಿದ್ಧಾಂತ. ಸ್ವಿಚ್ಚಾದರೆ ಜನ ಹೋಗುತ್ತಾ ಬರುತ್ತಾ ಒತ್ತುತ್ತಾರೆ, ಬಾಯಿಬಿಟ್ಟು ಕೇಳಬೇಕಾದರೆ ಯೋಚಿಸುತ್ತಾರೆ. ಹಾಗಾಗಿ ಬಚ್ಚಲ ಬಾಗಿಲ ಹೊರಗೆ ಒಂದು ಕಿವಿ, ಅಂದರೆ ಮೈಕು, ಇಟ್ಟರು. ಅದು ಮನೆಯ ದೊಡ್ಡವರ ದನಿ ಗುರುತು ಹಿಡಿಯುತ್ತಿತ್ತು. ನೀರು ಕಾಯಿಸು, ಕಾಯ್ಸು, ಕಾಯಲಿ, ಕಾಯಕ್ಕಿಡು ಎಂದು ಒಬ್ಬೊಬ್ಬರು ಒಂದೊಂದು ಥರ ಅನ್ನುತ್ತಾರೆಂದು, 'ಕಾಯ್' ಅಂತ ಶುರುವಾಗುವ ಯಾವ ಮಾತು ಬಿದ್ದರೂ ಸರಿ, ಟಿಕ್ ಅನ್ನು ಎಂದು ಯಂತ್ರಕ್ಕೆ ಕಲಿಸಿದರು. ಬಚ್ಚಲ ಮುಂದೆ ನಿಂತವರು ಸ್ನಾನದ ಮಾತು ಬಿಟ್ಟು ಇನ್ನೇನು ಆಡುತ್ತಾರೆ ಎಂಬುದು ಆ ಬುದ್ಧಿವಂತರ ಅಂದಾಜು.

ಮೊದಲನೇ ವಾರದಿಂದಲೇ ಗೋಡೆಯ ಮೇಲೆ ಕೆಂಪು ದೀಪಗಳ ಜಾತ್ರೆ. ಯಾರೂ ಸ್ನಾನ ಮಾಡದ ಹೊತ್ತಿನಲ್ಲಿ ಬಿಂದಿಗೆಗಳು ಖಾಲಿಯಾಗುತ್ತಿದ್ದವು. ಬೆಳಿಗ್ಗೆ ತಿಂಡಿ ಹೊತ್ತಿಗೆ ಒಂದಷ್ಟು, ಮಧ್ಯಾಹ್ನ ಅಡುಗೆ ಹೊತ್ತಿಗೆ ಇನ್ನಷ್ಟು, ಸಂಜೆ ದೇವರ ದೀಪ ಹಚ್ಚುವಾಗಂತೂ ಓಣಿಗೆ ಓಣಿಯೇ ಟಿಕ್ ಟಿಕ್. ಯತಿರಾಜರು ಉಪ್ಪಿನಲ್ಲಿ ಕಲಬೆರಕೆ ಅಂದರು, ಉಪ್ಪು ಬದಲಾಯಿಸಿದರು. ಬಿಲ್ಲೆ ಸಡಿಲ ಅಂದರು, ಬಿಲ್ಲೆ ಬದಲಾಯಿಸಿದರು. ಕೊನೆಗೆ ಗಡ್ಡ ಕೆರೆದುಕೊಂಡು ಸುಮ್ಮನೆ ಕೂತರು. ಅತಿ ಹೆಚ್ಚು ದಂಡ ಖರ್ಚು ತೋರಿಸುತ್ತಿದ್ದ ಮನೆ ಯಾವುದು ಅಂತೀರಿ? ನಮ್ಮದೇ. ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ.

ಗುಟ್ಟು ಬಯಲಾಗಿದ್ದು ಒಂದು ಭಾನುವಾರ, ನಮ್ಮ ಮನೆಯಲ್ಲೇ. ನಮ್ಮತ್ತೆ ದೇವೀರಮ್ಮನವರು ಕೂತರೆ ಎದ್ದರೆ ನಂಜನಗೂಡಿನ ನಂಜುಂಡೇಶ್ವರನನ್ನು ಕರೆಯುವವರು. ಬಚ್ಚಲ ಪಕ್ಕದ ಹಜಾರದಲ್ಲಿ ಮಂಡಿ ಹಿಡಿದುಕೊಂಡು ಏಳುತ್ತಾ "ಕಾಯಪ್ಪಾ ನಂಜುಂಡಪ್ಪಾ" ಅಂದರು. ಗೋಡೆಯೊಳಗೆ ಟಿಕ್. ನಾನು ಹಿಡಿದಿದ್ದ ಲೋಟ ಹಾಗೇ ಕೆಳಗಿಟ್ಟೆ. ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಗಂಡ ನಾಗಸುಂದರ "ಅಮ್ಮಾ, ಕಾಯಿ ತುರಿದಾಯ್ತು" ಅಂದರು. ಟಿಕ್. ಹೊರಗಿನಿಂದ ನಮ್ಮ ಮಾವ "ತಿಂಡಿಗೆ ಇನ್ನೂ ಎಷ್ಟು ಹೊತ್ತು ಕಾಯಿಸ್ತೀರಿ?" ಅಂದರು. ಟಿಕ್.

ದೇವರು ಕಾಯುವುದೂ, ತೆಂಗಿನಕಾಯಿಯೂ, ಗಂಡಸರನ್ನು ಊಟಕ್ಕೆ ಕಾಯಿಸುವುದೂ, ನೀರು ಕಾಯುವುದೂ ಆ ಯಂತ್ರಕ್ಕೆ ಒಂದೇ. ನಮ್ಮ ಭಾಷೆಯಲ್ಲಿ ಒಂದು ದಿನಕ್ಕೆ ಎಷ್ಟು ಕಾಯುತ್ತೇವೆ ಎಂದು ನನಗೂ ಅವತ್ತೇ ಗೊತ್ತಾಗಿದ್ದು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವ ಗುರುಮಲ್ಲಪ್ಪನವರು ನಗಲಿಲ್ಲ. ಅವರು ನಿವೃತ್ತ ಹೆಡ್ಮಾಸ್ಟರು, ಕನ್ನಡ ಪಂಡಿತರು. "ಧಾತುಪಾಠ ಓದದೆ ಯಂತ್ರ ಮಾಡಿದ್ರೆ ಇನ್ನೇನಾಗುತ್ತೆ" ಎಂದು ಯತಿರಾಜರಿಗೆ ಫೋನಿನಲ್ಲೇ ಪಾಠ ಮಾಡಿದರು.

ಹೊಸ ಮಾತು ಆರಿಸಲು ಬಡಾವಣೆಯ ಗಣಪತಿ ಪೆಂಡಾಲಿನಲ್ಲಿ ಸಭೆ ಸೇರಿತು. ಯತಿರಾಜರು ಮೈಕು ಹಿಡಿದರು. "ನಮಗೆ ಬೇಕಾಗಿರೋದು ಯಾರ ಮನೇಲೂ, ಯಾವತ್ತೂ, ಬಾಯಿ ತಪ್ಪಿ ಕೂಡ ಬರದೇ ಇರೋ ಮಾತು."

"ಧನ್ಯವಾದ ಅಂತ ಇಡಿ ಸಾರ್," ಎಂದರು ಯಾರೋ. "ಮನೇಲಿ ಯಾರು ಅಂತಾರೆ?"

ಯತಿರಾಜರು ಕಂಪ್ಯೂಟರ್ ನೋಡಿದರು. "ಇಲ್ಲ, ಇದು ಬೇಕಾದಷ್ಟು ಸಲ ಬಿದ್ದಿದೆ. 'ದೊಡ್ಡ ಉಪಕಾರ ಮಾಡ್ದೆ, ಧನ್ಯವಾದ ಕಣಪ್ಪ' ಅನ್ನೋ ಥರ. ಬೈಗುಳದ ಲೆಕ್ಕಕ್ಕೇ ಸೇರಿದೆ."

"ಅಂದ್ರೆ ನೀವು ನಮ್ಮನೆ ಮಾತೆಲ್ಲ ಕೇಳಿಸ್ಕೋತೀರಾ?" ಎಂದು ಹೆಂಗಸರ ಸಾಲಿನಲ್ಲಿ ಗದ್ದಲವಾಯಿತು. ಮಾತು ಕೇಳುವುದಿಲ್ಲ, ಯಾವ ಪದ ಬಡಾವಣೆಯಲ್ಲಿ ಎಷ್ಟು ಸಲ ಬಿತ್ತು ಎಂದು ಯಂತ್ರ ಎಣಿಸುತ್ತದೆ, ಅಷ್ಟೇ, ಯಾರು ಯಾರಿಗೆ ಅಂದರು ಅನ್ನುವುದು ಅದಕ್ಕೆ ಬೇಕಿಲ್ಲ ಎಂದು ಯತಿರಾಜರು ಬೆವರು ಒರೆಸಿಕೊಳ್ಳುತ್ತಾ ಬಿಡಿಸಿ ಹೇಳಿದರು. ಆಮೇಲೆ, ಜನ ಆಡುತ್ತಾರೆಂದು ನಿಘಂಟುಗಳಲ್ಲಿ ಇದ್ದು, ನಮ್ಮ ಬಡಾವಣೆಯಲ್ಲಿ ಒಂದು ಸಲವೂ ಕೇಳಿಬರದ ಮಾತು ಯಾವುದಿದೆ ಎಂದು ಯಂತ್ರವನ್ನೇ ಕೇಳಿದರು. ತೆರೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬಂತು: 'ತಪ್ಪು ನಂದೇ.'

 ಪೆಂಡಾಲಿನಲ್ಲಿ ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಮಗನ ಮುಖ ನೋಡಿದಳು, ಮಗ ಕಾಲಿನ ಕಡೆ ನೋಡಿಕೊಂಡ.

ನಮ್ಮ ಮಾವ ಎದ್ದು ನಿಂತರು. "'ತಪ್ಪು ನಿಂದೇ' ಅನ್ನೋದು ದಿನಾ ಬೀಳೋ ಮಾತು. ಎರಡಕ್ಕೂ ಮಧ್ಯೆ ಇರೋದು ಒಂದು ಗುಡಿಸು. ನಿಮ್ಮ ಯಂತ್ರಕ್ಕೆ ಅದು ತಿಳಿಯುತ್ತೋ?"

"ಚೆನ್ನಾಗಿ ತಿಳಿಯುತ್ತೆ ಮೇಷ್ಟ್ರೇ. ಗುಡಿಸು ಇದ್ರೆ ನೀರಿಲ್ಲ," ಎಂದರು ಯತಿರಾಜರು. ಕೈ ಎತ್ತಿಸಿ ಮಾತು ಪಾಸು ಮಾಡಿದರು. ಹೆಂಗಸರೆಲ್ಲ ಕೈ ಎತ್ತಿದರು, ಗಂಡಸರು ಎತ್ತಿದ್ದರೋ ಇಲ್ಲವೋ ಯಾರೂ ನೋಡಲಿಲ್ಲ.

ಮಾರನೆಯ ದಿನದಿಂದ ಕಂಟ್ರೋಲ್ ರೂಮಿನ ಗೋಡೆ ಹಸಿರೋ ಹಸಿರು. ಯತಿರಾಜರು ಕುಣಿಯುವುದೊಂದು ಬಾಕಿ. ಉಪ್ಪಿನ ವಿದ್ಯೆಯಿಂದ ಉಳಿತಾಯವಾಗಿದ್ದು ಅರ್ಧ, ಇನ್ನರ್ಧ ಉಳಿತಾಯವಾಗಿದ್ದು ಮಾನದಿಂದ. ಬಡಾವಣೆಯ ಗಂಡಸರು ಬಚ್ಚಲ ಬಾಗಿಲಿಗೆ ಬರುವರು, ಕೆಮ್ಮುವರು, ಆಚೀಚೆ ನೋಡುವರು, ಒಳಗೆ ಹೋಗಿ ತಣ್ಣೀರು ಸುರಿದುಕೊಂಡು 'ಉಹುಹು' ಎನ್ನುವರು. ಕೆಲವರು ಗುಡಿಸು ಇತ್ತೋ ಇಲ್ಲವೋ ಗೊತ್ತಾಗದ ಹಾಗೆ "ತಪ್ಪು ನ್‌ದೇ" ಎಂದು ಹಲ್ಲು ಕಚ್ಚಿ ಅಂದು ನೋಡಿದರು. "ಸ್ಪಷ್ಟವಾಗಿ ಹೇಳಿ" ಎಂದಿತು ಯಂತ್ರ. ಎದುರುಮನೆಯವರೊಬ್ಬರು ಹೆಂಡತಿಯ ದನಿಯನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡು ದಿನಾ ಹಾಕುತ್ತಿದ್ದರು. ಆಕೆಗೆ ಗೊತ್ತಾದ ದಿನ ಅವರಿಗೆ ಬಿಸಿನೀರೂ ಇಲ್ಲ, ಬಿಸಿ ಅನ್ನವೂ ಇಲ್ಲ.

ಹೆಂಗಸರಿಗೆ ಮೊದಮೊದಲು ಅದೊಂದು ಲೆಕ್ಕವೇ ಆಗಲಿಲ್ಲ. "ಮಾತಿಗೇನು, ನೀರು ಕಾದ್ರೆ ಸರಿ" ಎಂದು ನಮ್ಮತ್ತೆ ತಮಗೂ ಹೇಳಿಕೊಂಡು, ಮಗನಿಗೂ ಹೇಳಿ, ಮಾವನ ನೀರಿಗೂ ತಾವೇ ಹೇಳುತ್ತಿದ್ದರು. ಬಾಗಿಲ ಮುಂದೆ ನಿಂತು, ಸೆರಗು ಸರಿಮಾಡಿಕೊಂಡು, "ತಪ್ಪು ನಂದೇ" ಅಂದು, "ಹೋಗಿ, ಮಿಂದು ಬನ್ನಿ" ಎನ್ನುವರು. ಮಾವ ಟವೆಲು ಹೆಗಲಿಗೆ ಹಾಕಿಕೊಂಡು, ಸನ್ಮಾನಕ್ಕೆ ಹೋಗುವವರ ಹಾಗೆ ಒಳಗೆ ಹೋಗುವರು.

ಎಡವಟ್ಟಾಗಿದ್ದು ಮಾವನ ಗೆಳೆಯ ರಾಮಲಿಂಗಯ್ಯನವರು ಮನೆಗೆ ಬಂದ ದಿನ. ಕಾಫಿ ಕುಡಿಯುತ್ತಾ ಅವರು, "ಏನಪ್ಪಾ, ನಿಮ್ಮನೇಲಿ ಬಿಸಿನೀರಿಗೆ ಯಾರು ಹೇಳ್ತೀರಿ?" ಅಂದರು.

ಮಾವ ನಕ್ಕರು. "ಇವಳೇ. ಐವತ್ತೆರಡು ವರ್ಷ ಸಂಸಾರ ಮಾಡಿ ಈಗ ಒಪ್ಕೊಂಡಿದಾಳೆ ನೋಡು. ದಿನಾ ಬೆಳಿಗ್ಗೆ ಒಪ್ಕೊಳ್ತಾಳೆ."

ಅತ್ತೆ ಖಾಲಿ ಲೋಟ ಎತ್ತಿಕೊಳ್ಳಲು ಬಂದವರು ಅಲ್ಲೇ ನಿಂತರು. ಲೋಟ ತೆಗೆದುಕೊಂಡು ಒಳಗೆ ಹೋದರು. ನನಗೆ ಮೈ ಉರಿದುಹೋಯಿತು. ಅಷ್ಟು ಓದಿದ ಮನುಷ್ಯನಿಗೆ ಎಲ್ಲಿ ಏನು ಆಡಬೇಕೆಂಬ ಸಣ್ಣ ಜ್ಞಾನ ಬೇಡವೇ?

ಅವತ್ತಿನಿಂದ ಅತ್ತೆಯ ಬಾಯಲ್ಲಿ ಆ ಮಾತು ನಿಂತಿತು. ತಣ್ಣೀರಲ್ಲೇ ಮೀಯತೊಡಗಿದರು. ಹಟಕ್ಕೆ ಬಿದ್ದು ಮಾವನೂ ತಣ್ಣೀರಿಗೆ ಇಳಿದರು. ಮಾವನ ಮೈ ಕಗ್ಗಲ್ಲು, ಅವರಿಗೆ ಏನೂ ಆಗಲಿಲ್ಲ. ಅತ್ತೆಗೆ ಮೊದಲೇ ದಮ್ಮು, ವಾರದಲ್ಲಿ ಕೆಮ್ಮು ಹತ್ತಿತು. ಡಾಕ್ಟರು ತಣ್ಣೀರು ಮುಟ್ಟಲೇ ಕೂಡದು ಅಂದರು.

"ನಾನು ಹೇಳ್ತೀನಿ ಅತ್ತೆ, ನೀವು ಬಿಸಿನೀರಲ್ಲಿ ಮಿಂದ್ಕೊಳಿ," ಅಂದೆ.

"ನೀನ್ಯಾಕೆ ಹೇಳ್ತೀಯವ್ವ? ನಿಂದೇನು ತಪ್ಪು?"

"ಬರೀ ಮಾತಲ್ವಾ ಅತ್ತೆ?"

"ನಾನೂ ಬರೀ ಮಾತು ಅಂದ್ಕೊಂಡೇ ಹೇಳಿದ್ದು. ಅವರು ಹಂಗೆ ತಗೊಳ್ಲಿಲ್ಲವಲ್ಲ. ಯಾರು ಹೇಳ್ಬೇಕೋ ಅವರು ಹೇಳಿದ ನೀರೇ ನನ್ನ ಮೈ ಮೇಲೆ ಬೀಳೋದು."

ಇತ್ತ ದೀಪಾವಳಿ ಬಂತು. ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆ ಇದ್ದ ಕಾಲದಲ್ಲಿ ಹಂಡೆಗೆ ಮಾಡುತ್ತಿದ್ದ ಪೂಜೆಯನ್ನು ಅತ್ತೆ ಬಿಂದಿಗೆ ಡಬ್ಬಿಗೆ ಮಾಡಿದರು, ಬಳ್ಳಿ ಸುತ್ತಿದರು, ವಿಭೂತಿ ಪಟ್ಟೆ ಎಳೆದರು. ಕೆಮ್ಮುತ್ತಲೇ ಮಾಡಿದರು. ನಾಳೆ ಎಣ್ಣೆ ಹಚ್ಚಿಕೊಂಡ ಮೈಗೆ ತಣ್ಣೀರು ಹಾಕಿಕೊಂಡರೆ ಗತಿಯೇನು? ಮಾವನ ಹತ್ತಿರ ಹೋಗಿ, "ಒಂದೇ ಒಂದು ಸಲ ಹೇಳ್ಬಿಡಿ ಮಾವ, ಹಬ್ಬ," ಅಂದೆ.

"ಮಾಡದ ತಪ್ಪು ಒಪ್ಕೊಳ್ಳೋದು ಸುಳ್ಳಾಡಿದ ಹಾಗಲ್ವೇನಮ್ಮ?" ಅಂದರು ಮಾವ. ಇಂಥವರ ಜೊತೆ ಯಾರು ಏಗುತ್ತಾರೆ?

ಹಬ್ಬದ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಮಿಂದು ಕಂಟ್ರೋಲ್ ರೂಮಿಗೆ ಓಡಿದೆ. ಯತಿರಾಜರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಪರೀಕ್ಷೆಗೆ ಬಂದ ಅಧಿಕಾರಿ ನೂರ್ ಜಬೀನ್ ಮೇಡಂ, ಮಾತು ಕಡಿಮೆ, ಕಣ್ಣು ಚುರುಕು. ಬಡಾವಣೆಯ ತುಂಬ ಎಣ್ಣೆ, ಸೀಗೆಪುಡಿ, ಪಟಾಕಿ. ಹಬ್ಬದ ದಿನವೆಂದು ಗಂಡಸರೂ ಕಣ್ಣು ಮುಚ್ಚಿಕೊಂಡು ಅಂದೇಬಿಟ್ಟಿದ್ದರು. ಗೋಡೆಯ ಮೇಲೆ ದೀಪಗಳು ಹಸಿರಿನಿಂದ ಕೆಂಪಿಗೆ ತಿರುಗುತ್ತಾ ಹೋದವು. ಏಳೂವರೆ ದಾಟುವ ಹೊತ್ತಿಗೆ ಎಲ್ಲ ಮನೆಯ ಸ್ನಾನವೂ ಮುಗಿದಿತ್ತು, ನಮ್ಮ ಮನೆ ಒಂದು ಬಿಟ್ಟು. ಮಿತಿ ಮುಟ್ಟಲು ಇನ್ನು ನಾಲ್ಕು ಬಿಂದಿಗೆ ಬಾಕಿ ಇತ್ತು. ನಮಗೆ ಬೇಕಾಗಿದ್ದದ್ದು ಅತ್ತೆಗೆ ಒಂದು.

"ಗೆದ್ವಿ ಮಂಗಳಾ," ಎಂದರು ಯತಿರಾಜರು.

ಅಷ್ಟರಲ್ಲಿ ಯಜಮಾನರ ಫೋನು. ಕೈಯಲ್ಲಿ ಕೆಲಸವಿದ್ದುದರಿಂದ ಸ್ಪೀಕರಿಗೆ ಹಾಕಿದೆ.

"ಮಂಗಳಾ, ಅಮ್ಮ ಮೈತುಂಬ ಎಣ್ಣೆ ಹಚ್ಕೊಂಡು ಬಚ್ಚಲಲ್ಲಿ ಮಣೆ ಮೇಲೆ ಕೂತ್ಬಿಟ್ಟಿದಾರೆ ಕಣೆ. ಆಗ್ಲೇ ಒಂದು ಗಂಟೆ ಆಯ್ತು. ಏಳಲ್ಲ ಅಂತಾರೆ, ಮೀಯಲ್ಲ ಅಂತಾರೆ. ಒಂದೇ ಸಮ ಕೆಮ್ಮು."

"ನೀವಾದ್ರೂ ಹೇಳ್ಬಾರ್ದಾ?"

"ಹೇಳ್ದೆ. ನೀನು ಹೇಳಿದ ನೀರು ಬೇಡ ಅಂತ ಎಲ್ಲಾ ಚೆಲ್ಬಿಟ್ರು."

ಗೋಡೆಯ ಕಡೆ ನೋಡಿದೆ. ನಮ್ಮ ಮನೆಯ ಎಂಟರಲ್ಲಿ, ಬೆಳಿಗ್ಗೆ ನಾನು ಮಿಂದದ್ದರ ಜೊತೆಗೆ ಇನ್ನೊಂದೂ ಕೆಂಪಾಗಿತ್ತು. ಬಾಕಿ ಮೂರಾಯಿತು.

"ಮಾವ ಎಲ್ಲಿ?"

"ಹಜಾರದಲ್ಲಿ ಪಂಚಾಂಗ ಓದ್ತಿದಾರೆ. ಇರು, ಎದ್ರು. ಬಚ್ಚಲ ಕಡೆ ಬರ್ತಾ ಇದಾರೆ."

ಫೋನಿನಲ್ಲಿ ಮಾವ ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು. ಜಬೀನ್ ಮೇಡಂ ತಲೆ ಎತ್ತಿದರು.

"ತಪ್ಪು ನ್‌ದೇ," ಎಂದರು ಮಾವ.

"ಸ್ಪಷ್ಟವಾಗಿ ಹೇಳಿ," ಎಂದಿತು ಯಂತ್ರ.

"ತಪ್ಪು ಮನುಷ್ಯಮಾತ್ರದವರಿಗೆ ಸಹಜವಾದದ್ದು."

"ಸ್ಪಷ್ಟವಾಗಿ ಹೇಳಿ."

ಒಳಗಿನಿಂದ ಅತ್ತೆಯ ಕೆಮ್ಮು ಕೇಳಿಸಿತು. ಶುರುವಾದದ್ದು ನಿಲ್ಲಲೇ ಇಲ್ಲ, ಉಸಿರು ಸಿಗದ ಹಾಗೆ ಎಳೆದುಕೊಂಡು ಹೋಯಿತು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ.

"ತಪ್ಪು ನಂದೇ," ಎಂದರು ಮಾವ. ಗುಡಿಸು ಇರಲಿಲ್ಲ. ಟಿಕ್.

ಉಸಿರು ಬಿಟ್ಟೆ. ಒಂದು ಬಿಂದಿಗೆ, ಒಂದು ಸ್ನಾನ. ಮುಗಿಯಿತು ಅಂದುಕೊಂಡೆ. ಒಳಗಿನಿಂದ ಅತ್ತೆಯ ದನಿ ಬಂತು.

"ಯಾವ್ದು?"

"ಏನು ಯಾವ್ದು?"

"ಯಾವ ತಪ್ಪು ಅಂತ ಕೇಳ್ದೆ."

ಮಾವ ತಡವರಿಸಿದರು. "ಅವತ್ತು ರಾಮಲಿಂಗನ ಮುಂದೆ ಆಡಿದ್ದು."

"ಅದೊಂದೇನಾ?"

ಇದಕ್ಕೆ ಮಾವ ಏನಾದರೂ ಒಂದು ಗಾದೆ ಹೇಳಿ ಜಾರಿಕೊಳ್ಳುತ್ತಾರೆ ಅಂದುಕೊಂಡೆ. ಐವತ್ತೆರಡು ವರ್ಷ ಅವರು ಮಾಡಿಕೊಂಡು ಬಂದದ್ದು ಅದನ್ನೇ. ಆದರೆ ಆಮೇಲೆ ಬಂದ ದನಿ ಹೆಡ್ಮಾಸ್ಟರದ್ದಾಗಿರಲಿಲ್ಲ.

"ಮದುವೆ ಆದ ಹೊಸದ್ರಲ್ಲಿ ಅರಸೀಕೆರೆ ಸ್ಟೇಷನ್ನಲ್ಲಿ ನಿನ್ನ ಬಿಟ್ಟು ಹೋದ್ನಲ್ಲ. ರೈಲು ಬೇಗ ಹೊರಟ್ಬಿಡ್ತು ಅಂದಿದ್ದೆ. ರೈಲು ಸರಿಯಾದ ಟೈಮಿಗೇ ಹೊರಡ್ತು. ನಾನೇ ಮಾತಾಡ್ತಾ ಹತ್ಬಿಟ್ಟು, ನೀನು ಜೊತೇಲಿಲ್ಲ ಅಂತ ಮುಂದಿನ ಸ್ಟೇಷನ್ನಲ್ಲಿ ನೋಡ್ಕೊಂಡೆ. ತಪ್ಪು ನಂದೇ."

ಟಿಕ್. ಬಾಕಿ ಒಂದು.

ಯತಿರಾಜರು ಕೂತಲ್ಲೇ ಚಡಪಡಿಸಿದರು. "ಇವರು ಇನ್ನೂ ಎಷ್ಟು ಹೇಳ್ತಾರೆ ಮಂಗಳಾ?"

"ನಿಮ್ಮಪ್ಪ ತೀರ್ಕೊಂಡಾಗ, ಸ್ಕೂಲಲ್ಲಿ ಪರೀಕ್ಷೆ ಇದೆ ಅಂತ ನಿನ್ನೊಬ್ಬಳನ್ನೇ ಬಸ್ಸು ಹತ್ತಿಸಿದೆ. ಪರೀಕ್ಷೆ ಇರಲಿಲ್ಲ ದೇವೀರಿ. ಹೆಣ ನೋಡೋಕೆ ಹ್ಯಾಗೋ ಹೆದರಿಕೆ ಆಯ್ತು. ತಪ್ಪು ನಂದೇ."

ಟಿಕ್. ಮಿತಿಯ ಅಂಚಿಗೆ ಬಂದು ನಿಂತಿತು. ಅತ್ತೆ ಒಳಗಿಂದ ಏನೂ ಕೇಳಲಿಲ್ಲ, ಆದರೂ ಮಾವ ನಿಲ್ಲಿಸಲಿಲ್ಲ. ಅಷ್ಟು ವರ್ಷ ಗಟ್ಟಿಯಾಗಿ ಮುಚ್ಚಿದ್ದ ಬಾಯಿ ಅದು, ಈಗ ಮುಚ್ಚಲು ಅವರಿಗೇ ಬರುತ್ತಿರಲಿಲ್ಲ ಎಂದು ಕಾಣುತ್ತದೆ.

"ಮಂಗಳಾ, ನಿಮ್ಮನೆಗೆ ಬೀಗ ಹಾಕಿ," ಎಂದರು ಯತಿರಾಜರು. ನನ್ನ ಮುಂದೆ ಒಂದು ಗುಂಡಿ ಇತ್ತು, ಯಾವ ಮನೆಯ ಬಿಂದಿಗೆಯನ್ನಾದರೂ ಇಲ್ಲಿಂದಲೇ ತಡೆಯಬಹುದಿತ್ತು. "ಬೇಗ ಹಾಕಿ. ಹತ್ತು ವರ್ಷದ ಕೆಲಸ ಕಣ್ರೀ ಇದು."

ಬೆರಳು ಗುಂಡಿಯ ಮೇಲೆ ಇಟ್ಟೆ. ನನಗೆ ಆ ಕೆಲಸ ಬೇಕಿತ್ತು. ಆ ಕುರ್ಚಿ ಬೇಕಿತ್ತು, ಆ ದೀಪಗಳು ಬೇಕಿದ್ದವು, ಬೆಳಿಗ್ಗೆ ಎದ್ದು ಚೀಲ ಹೆಗಲಿಗೇರಿಸಿ ಹೊರಡುವುದು ಬೇಕಿತ್ತು. ಈಗ ಬೀಗ ಹಾಕಿದರೆ ಬಚ್ಚಲ ಬಾಗಿಲಲ್ಲಿ ಯಂತ್ರ 'ತಡೆಯಲಾಗಿದೆ' ಎಂದು ಒದರುತ್ತದೆ, ಮಾವ ಬೆಚ್ಚಿಬಿದ್ದು ಬಾಯಿ ಮುಚ್ಚುತ್ತಾರೆ. ಮತ್ತೆ ತೆರೆಯುವುದು ಈ ಜನ್ಮಕ್ಕಿಲ್ಲ.

"ದಿನಾ ಸಾರಿಗೆ ಉಪ್ಪು ಕಮ್ಮಿ ಅಂತಿದ್ದೆ," ಎಂದು ಮಾವ ಹೇಳುತ್ತಿದ್ದರು. "ಸರಿಯಾಗೇ ಇರ್ತಿತ್ತು. ಏನಾದ್ರೂ ಒಂದು ಅನ್ಬೇಕಲ್ಲ ಅಂತ ಅಂತಿದ್ದೆ. ತಪ್ಪು ನಂದೇ."

ಟಿಕ್. ಮಿತಿ ದಾಟಿತು. ನಾನು ಬೆರಳು ತೆಗೆದು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಯತಿರಾಜರು ತಲೆ ಮೇಲೆ ಕೈ ಹೊತ್ತು ಕೂತರು.

ಆಮೇಲೆ ಇನ್ನೆರಡು ಬಂದವು. ಅತ್ತೆಯ ಹೊಲಿಗೆ ಮಿಷನ್ನನ್ನು ಕೇಳದೆ ತಂಗಿಗೆ ಎತ್ತಿಕೊಟ್ಟದ್ದು ಒಂದು. ಅತ್ತೆ ಹಾಡುವಾಗಲೆಲ್ಲ ರೇಡಿಯೋ ದನಿ ಜೋರು ಮಾಡಿದ್ದು ಇನ್ನೊಂದು. ನಮ್ಮ ಮನೆಯ ಸಾಲು ಪೂರ್ತಿ ಕೆಂಪಾಯಿತು. "ಬಿಂದಿಗೆಗಳು ಖಾಲಿಯಾಗಿವೆ," ಎಂದಿತು ಯಂತ್ರ. ಇನ್ನು ಹೇಳಿದರೂ ನೀರಿಲ್ಲ ಎಂದು ಮಾವನಿಗೂ ಗೊತ್ತಾಗಿರಬೇಕು. ಆದರೂ ಮತ್ತೊಂದು ಸಲ ಅಂದರು. ಯಾವುದಕ್ಕೆ ಎಂದು ಹೇಳಲಿಲ್ಲ, ಅತ್ತೆಯೂ ಕೇಳಲಿಲ್ಲ. ಒಳಗೆ ಚೊಂಬಿನಲ್ಲಿ ನೀರು ಎತ್ತುವ ಸದ್ದು ಕೇಳಿಸಿತು.

ಗಡಿಯಾರ ಎಂಟು ಹೊಡೆಯಿತು. ಜಬೀನ್ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಕನ್ನಡಕವನ್ನು ಒರೆಸಿದರೋ ಕಣ್ಣನ್ನೋ ನನಗೆ ಗೊತ್ತಾಗಲಿಲ್ಲ.

"ಮೂರು ಬಿಂದಿಗೆ ಜಾಸ್ತಿ ಆಗಿದೆ ಸರ್. ನಿಯಮದ ಪ್ರಕಾರ ಫೇಲು. ನಾನು ಹಾಗೇ ಬರೀಬೇಕಾಗುತ್ತೆ."

"ಬರೀರಿ ಮೇಡಂ," ಎಂದರು ಯತಿರಾಜರು. ಮುಖ ಸಣ್ಣದಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, ಬೈಯುತ್ತಾರೇನೋ ಅಂದುಕೊಂಡರೆ, "ಆರು ಬಿಂದಿಗೆ ಶಾಖ ಒಂದೇ ಸ್ನಾನಕ್ಕೆ. ಐವತ್ತೆಂಟು ಡಿಗ್ರಿ ಮುಟ್ಟಿರುತ್ತೆ ನೀರು. ಅದಕ್ಕಿಂತ ಮೇಲೆ ನನ್ನ ಉಪ್ಪು ಹೋಗಲ್ಲ. ತಣ್ಣೀರು ಬೆರೆಸ್ಕೊಳ್ಳೋಕೆ ಹೇಳಿ ನಿಮ್ಮತ್ತೆಗೆ, ಮೈ ಸುಟ್ಟೀತು," ಅಂದರು. ಫೋನು ಆಗಲೇ ಕಟ್ಟಾಗಿತ್ತು.

ತಿಂಗಳ ಕೊನೆಗೆ ಡಬ್ಬಿ ಕೀಳುವುದು ಎಂದು ತೀರ್ಮಾನವಾಯಿತು. ನಾನು ಕುರ್ಚಿಯ ಮೇಲಿದ್ದ ಶಾಲು ಮಡಚಿ ಚೀಲಕ್ಕೆ ಹಾಕಿಕೊಂಡೆ. ಅಳು ಬಂತು, ಸುಳ್ಳು ಯಾಕೆ ಹೇಳಲಿ. ದಾರಿಯುದ್ದಕ್ಕೂ ಮೂಗು ಒರೆಸಿಕೊಂಡು ಮನೆಗೆ ಬಂದೆ.

ಅತ್ತೆ ಮುಂಬಾಗಿಲ ಮೆಟ್ಟಿಲ ಮೇಲೆ, ಎಳೆಬಿಸಿಲಿಗೆ ಬೆನ್ನು ಕೊಟ್ಟು, ಕೂದಲು ಹರಡಿಕೊಂಡು ಕೂತಿದ್ದರು. ಒಳಗೆ ಮಾವ ಅಡುಗೆಮನೆಯಲ್ಲಿ ಏನೋ ಬೀಳಿಸಿದ ಸದ್ದಾಯಿತು. ಕಾಫಿ ಮಾಡುತ್ತೇನೆಂದು ಹೋಗಿದ್ದರಂತೆ.

"ನಿನ್ನ ಪರೀಕ್ಷೆ ಏನಾಯ್ತೆ ಮಂಗಳಾ?"

"ಫೇಲಾಯ್ತು ಅತ್ತೆ."

"ನಮ್ಮಿಂದಾನಾ?"

ನಾನು ಅವರ ಪಕ್ಕ ಕೂತೆ. ಮಾತು ಬದಲಿಸಬೇಕೆಂದು ಅವರ ಕೈ ಹಿಡಿದು ನೋಡಿದರೆ, ಮೊಣಕೈವರೆಗೆ ಕೆಂಪಗೆ ಕುದಿಸಿದ ಹಾಗಿತ್ತು. ಕುತ್ತಿಗೆ, ಬೆನ್ನು, ಎಲ್ಲ ಕೆಂಪು.

"ಅಯ್ಯೋ, ಇದೇನತ್ತೆ ಇದು, ನೀರು ಅಷ್ಟು ಸುಡ್ತಿತ್ತಾ?"

"ಸುಡ್ತಿತ್ತು ಕಣವ್ವ. ಮೊದಲ್ನೇ ಚೊಂಬಿಗೆ ಜೀವ ಹೋದಂಗಾಯ್ತು."

"ಪಕ್ಕದಲ್ಲೇ ತಣ್ಣೀರು ನಲ್ಲಿ ಇತ್ತಲ್ಲ. ಬೆರೆಸ್ಕೋಬಾರ್ದಿತ್ತಾ?"

ಅತ್ತೆ ಒದ್ದೆ ಕೂದಲನ್ನು ಮುಂದಕ್ಕೆ ಹಾಕಿಕೊಂಡು ಬೆರಳಿನಿಂದ ಸಿಕ್ಕು ಬಿಡಿಸತೊಡಗಿದರು.

"ಮನಸ್ಸು ಬರಲಿಲ್ಲ ಕಣೆ," ಅಂದರು.